ಜಪಾನೀಸ್ ಕಲಿಯೋಕೆ ಇಂಗ್ಲಿಷ್ ಯಾಕೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ 5ನೇ ಸೆಮಿಸ್ಟರ್. 7 ತಿಂಗಳಿಂದ ಒಂದು ದಿನವೂ ಬಿಡದೆ ಆ್ಯಪ್‌ನಲ್ಲಿ ಜಪಾನೀಸ್ ಕಲಿಯುತ್ತಿದ್ದೇನೆ. ಆದರೂ ಸ್ವಂತವಾಗಿ ಒಂದು ವಾಕ್ಯ ಬಾಯಿಗೆ ಬರುತ್ತಿಲ್ಲ. ಹತ್ತಿರದಲ್ಲಿ ಕ್ಲಾಸ್ ಸಿಕ್ಕಿಲ್ಲ, ಬೆಂಗಳೂರಿಗೆ ಹೋಗುವಷ್ಟು ದುಡ್ಡಿಲ್ಲ. ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ, ಇದೆಲ್ಲ ಆಗುತ್ತಾ?
- ಹೆಸರು ಬೇಡ, ದಾವಣಗೆರೆ

ಉತ್ತರ: ಇಂಗ್ಲಿಷ್ ಬಿಡಿ, ಅದನ್ನು ನಡುವೆ ತಂದಿದ್ದೇ ತಪ್ಪು. ನೀವು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಜಪಾನೀಸಿಗೆ ಮತ್ತೆ ತಲೆಕೆಳಗು ಮಾಡುತ್ತಿದ್ದೀರಿ. ಹರಿಹರಕ್ಕೆ ಹೋಗಲು ಬೆಂಗಳೂರು ಸುತ್ತಿ ಬಂದ ಹಾಗೆ!

ಈ ವಾಕ್ಯ ನೋಡಿ: 'ನಾನು ಮೈಸೂರಿನಲ್ಲಿ ಅಕ್ಕನಿಗೆ ಪುಸ್ತಕವನ್ನು ಕೊಟ್ಟೆ.' ಜಪಾನೀಸಿನಲ್ಲಿ 'ವತಾಶಿ ವ ಮೈಸೂರು ದೆ ಅನೆ ನಿ ಹೊನ್ ಒ ಅಗೆಮಶಿತಾ.' ದೆ ಅಂದರೆ ನಮ್ಮ 'ಅಲ್ಲಿ', ನಿ ಅಂದರೆ 'ಗೆ', ಒ ಅಂದರೆ 'ಅನ್ನು'. ಕ್ರಿಯಾಪದ ಕೊನೆಗೆ. ಒಂದು ಪದವೂ ಜಾಗ ಬದಲಿಸಿಲ್ಲ. ನಾವು 'ನಾನು' ಬಿಟ್ಟು ಮಾತಾಡಿದ ಹಾಗೆ ಅವರೂ ಬಿಡುತ್ತಾರೆ. ನನಗೆ ತುಂಬ ಖುಷಿ ಕೊಟ್ಟಿದ್ದು ಇದು: 'ತಬೆತೆ ಮಿರು' ಅಂದರೆ ಅಕ್ಷರಶಃ 'ತಿಂದು ನೋಡು'. ತಬೆತೆ ತಿಂದು, ಮಿರು ನೋಡು. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೇ ಒಂದು ಪಾಠ, ನಮಗೆ ಅರ್ಧ ನಿಮಿಷ ಸಾಕು. 'ತಿಂದುಬಿಟ್ಟೆ' ಅನ್ನೋಕೂ ಇದೇ ಥರ 'ತಬೆತೆ ಶಿಮತ್ತಾ' ಇದೆ. ಅಕ್ಷರಮಾಲೆಯೂ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ಓದಿದ ಬೌದ್ಧ ಭಿಕ್ಷುಗಳಿಂದ ಅಲ್ಲಿಗೆ ಹೋದ ಕ್ರಮ ಅದು. ಮೊದಲು ಕಲಿಯುವ ಲಿಪಿ ಹಿರಗಾನ, ಅದರ 46 ಮೂಲ ಅಕ್ಷರ ಎರಡು ವಾರದ ಕೆಲಸ.

ಹಾಗಂತ ಎಲ್ಲಾ ಸುಲಭ ಅಂತ ಸುಮ್ನೆ ಹೇಳಲ್ಲ. ಕಾಂಜಿ, ಅಂದರೆ ಚೀನೀ ಭಾಷೆಯಿಂದ ಬಂದ ಅಕ್ಷರಗಳು, ಕಷ್ಟ, ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಪಟ್ಟಿ ಮಾಡಿದ್ದೇ 2,136. ಮೊದಲ ನೂರು ಕೈಯಲ್ಲಿ ಬರೆದು ಕಲಿಯಿರಿ, ಉಳಿದದ್ದು ಆಮೇಲೆ ನೋಡೋಣ.

ಇನ್ನು ಮಾತು. ಆ್ಯಪ್ ತೋರಿಸಿದ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವುದಕ್ಕೂ ಬಾಯಿ ಬಿಡುವುದಕ್ಕೂ ಸಂಬಂಧವೇ ಇಲ್ಲ, ನಿಮ್ಮ 7 ತಿಂಗಳು ಹೋಗಿದ್ದು ಅಲ್ಲೇ. ರಾತ್ರಿ ಮಲಗುವ ಮುಂಚೆ ಆ ದಿನ ನಡೆದದ್ದನ್ನು 5 ವಾಕ್ಯ ಕನ್ನಡದಲ್ಲಿ ಬರೆಯಿರಿ, ಅದೇ ಕ್ರಮದಲ್ಲಿ ಪದಗಳನ್ನು ಜಪಾನೀಸಿಗೆ ಬದಲಿಸಿ, ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬೆಳಿಗ್ಗೆ ಬಸ್ಸಿನಲ್ಲಿ ಕೇಳಿ. ಮೊದಮೊದಲು ನಾಚಿಕೆ ಆಗುತ್ತೆ, ಆಗಲಿ. ಪಾಠಕ್ಕೆ ಜಪಾನ್ ಫೌಂಡೇಶನ್ನಿನ 'ಇರೊದೊರಿ' ಪುಸ್ತಕ, ಆಡಿಯೋ ಎರಡೂ ಅವರ ವೆಬ್‌ಸೈಟಿನಲ್ಲಿ ಉಚಿತ. ವಿವರಣೆ ಇಂಗ್ಲಿಷಿನಲ್ಲಿದ್ದರೂ ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳಿ.

ಜಪಾನೀಸ್ ಎಷ್ಟು ಬರುತ್ತೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಎನ್5 ಎಲ್ಲಕ್ಕಿಂತ ಕೆಳಗಿನ ಹಂತ. ಅದರಲ್ಲಿ ಮಾತಿನ ಪರೀಕ್ಷೆಯೇ ಇಲ್ಲ, ಹಾಗಾಗಿ ಪಾಸಾದೆ ಅಂತ ರೆಕಾರ್ಡಿಂಗ್ ನಿಲ್ಲಿಸಬೇಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಮಣಿಪುರದವಳು. ಕನ್ನಡ ಕಲೀಬೇಕು ಅಂತಾಳೆ, ಆದರೆ ಒಂದು ವರ್ಷ ಆದರೂ 'ಕನ್ನಡ ಗೊತ್ತಿಲ್ಲ' ಅನ್ನೋದೊಂದೇ ಬರುತ್ತೆ. ಏನು ಮಾಡಲಿ?
- ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ತಪ್ಪು ಅವಳದ್ದಲ್ಲಮ್ಮಾ, ನಿಮ್ಮದು! ಅವಳು ಒಂದು ಪದ ತಡವರಿಸಿದ ಕೂಡಲೇ ನೀವೆಲ್ಲ ಇಂಗ್ಲಿಷಿಗೆ ಹಾರುತ್ತೀರಿ, ಅಲ್ವಾ? ಅವಳ 'ಗೊತ್ತಿಲ್ಲ'ದಿಂದಲೇ ಶುರು ಮಾಡಿ. ಗೊತ್ತು, ಬೇಕು, ಬೇಡ, ಸಾಕು: ಇವಕ್ಕೆ ನಾನು, ನೀನು, ಅವನು ಅಂತ ಕೊನೆ ಬದಲಾಗುವುದಿಲ್ಲ. ನನಗೆ ಬೇಕು, ಅವನಿಗೆ ಬೇಕು, ಅಷ್ಟೇ. ವ್ಯಾಕರಣ ಹೇಳದೆಯೇ ಅರ್ಧ ದಿನದ ಮಾತು ಸಾಗುತ್ತೆ. ಊಟದ ಹೊತ್ತು ಬರೀ ಕನ್ನಡ ಅಂತ ನಿಯಮ ಮಾಡಿ, ತಪ್ಪಿದರೆ ನಗಬೇಡಿ, ತಿದ್ದಬೇಡಿ. ಮೆಸ್ಸಿನಲ್ಲಿ ಅವಳ ಪರವಾಗಿ ನೀವು ಕೇಳುವುದನ್ನು ಇವತ್ತೇ ಬಿಡಿ. 'ಅನ್ನ ಸಾಕು, ಪಲ್ಯ ಬೇಕು' ಅಂತ ಅವಳೇ ಹೇಳಲಿ. ಪಲ್ಯ ಸಿಗದಿದ್ದರೆ ನಾಳೆ ಇನ್ನೂ ಜೋರಾಗಿ ಹೇಳುತ್ತಾಳೆ.