ಶೆಡ್‌ನಲ್ಲಿ ಏನಾದರೂ ಆದರೆ ಯಾರು ಎಲ್ಲಿಗೆ ಓಡಬೇಕು? ಗುಬ್ಬಿ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಮೂರು ಗಂಟೆಗೆ ತ್ರೀ ಫೇಸ್ ಬಂದಿತ್ತು, ಮೋಟಾರ್ ಹಾಕಲು ಎದ್ದಿದ್ದೆ. ಆಗಲೇ ಬರೆಯೋಣ ಅಂದುಕೊಂಡೆ, ನಿದ್ದೆ ಬಿಡಲಿಲ್ಲ. ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ತಡವಾಗಿ ನೋಡುತ್ತಿರುವವರಿಗೆ ವಿಷಯ ಇಷ್ಟು. ಅಣ್ಣನ ಅಡಿಕೆ ಶೆಡ್‌ನಲ್ಲಿ ಸೀಸನ್‌ಗೆ 20 ಜನ ಕೆಲಸ ಮಾಡುತ್ತಾರೆ. ಹೋದ ವಾರ ಹಂಡೆಯಿಂದ ಬೇಯಿಸಿದ ಅಡಿಕೆ ತೆಗೆಯುವಾಗ ಒಬ್ಬ ಹೆಣ್ಣುಮಗಳ ಪಾದದ ಮೇಲೆ ಕುದಿಯುವ ನೀರು ಬಿತ್ತು. ಒಬ್ಬರು ಅರಿಶಿನ ಅಂದರು, ಒಬ್ಬರು ಟೂತ್‌ಪೇಸ್ಟ್ ತಂದರು, ಉಳಿದವರೆಲ್ಲ ಸುತ್ತ ನಿಂತರು. ಈಗ ಯಾರೋ ಬಂದು ಒಂದು ದಿನದ ತುರ್ತು ತರಬೇತಿಗೆ 15,000 ರೂಪಾಯಿ ಕೇಳಿದ್ದಾರೆ, ಕೊಡಬಹುದಾ ಅನ್ನೋದು ಪ್ರಶ್ನೆ.

ನನ್ನ ಉತ್ತರ: ಈಗಲೇ ಕೊಡಬೇಡಿ. ಮೊದಲು ಪುಕ್ಕಟೆ ಆಗುವ ಕೆಲಸ ಮಾಡಿ.

ನಾನು ತೋಟಕ್ಕೆ ವಾಪಸ್ ಬರುವ ಮುಂಚೆ ತುಮಕೂರಿನಲ್ಲಿ ಒಂದು ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಇದ್ದೆ. ಅಲ್ಲಿನ ಎಮರ್ಜೆನ್ಸಿ ತಂಡದಲ್ಲಿ ನನ್ನ ಹೆಸರೂ ಇತ್ತು, ಕೈಗೊಂದು ಕೆಂಪು ಪಟ್ಟಿಯೂ ಇತ್ತು. ವರ್ಷಕ್ಕೊಮ್ಮೆ ಎಸಿ ರೂಮಿನಲ್ಲಿ ಕೂರಿಸಿ ಪರದೆ ಮೇಲೆ ಚಿತ್ರ ತೋರಿಸುತ್ತಿದ್ದರು. ಬಿಸ್ಕೆಟ್ ಚೆನ್ನಾಗಿರುತ್ತಿತ್ತು. ಮೊದಲ ಸಲ ಅಣಕು ಕಾರ್ಯಾಚರಣೆ ಮಾಡಿದಾಗ ಸೈರನ್ ಹೊಡೆಯಿತು, ಅರ್ಧ ಜನ ಟೀ ಟೈಮ್ ಅಂದುಕೊಂಡು ಕ್ಯಾಂಟೀನಿಗೆ ಹೋದರು. ಹಿಂದಿನ ಗೇಟಿಗೆ ಬೀಗ. ಕೀ ಇದ್ದವನು ರಜೆ.

ಆದರೆ ನನಗೆ ಬುದ್ಧಿ ಬಂದಿದ್ದು ಅಲ್ಲಲ್ಲ, ನಮ್ಮದೇ ಶೆಡ್‌ನಲ್ಲಿ. ಮೂರು ವರ್ಷದ ಹಿಂದೆ ಅಡಿಕೆ ಸುಲಿಯುವ ಯಂತ್ರದ ವೈರ್ ಎಲ್ಲೋ ಸವೆದು, ಅದರ ಮೈಗೆ ಕರೆಂಟ್ ಬಂದಿತ್ತು. ನೆಲ ಒದ್ದೆ. ಒಬ್ಬ ಹುಡುಗ ಕೈ ಇಟ್ಟವನು ಅಲ್ಲೇ ಅಂಟಿಕೊಂಡ. ಹತ್ತು ವರ್ಷ ಕೆಂಪು ಪಟ್ಟಿ ಕಟ್ಟಿಕೊಂಡ ನಾನು ಏನು ಮಾಡಿದೆ ಗೊತ್ತಾ? ಅವನನ್ನು ಎಳೆಯಲು ಓಡಿದೆ! ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾನೂ ಅಂಟಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಯಂತ್ರ ನಿಂತಿತು. ನಮ್ಮಲ್ಲಿ ಅಡುಗೆ ಮಾಡುವ ಅಜ್ಜಿ ಮೇನ್ ಸ್ವಿಚ್ ಇಳಿಸಿದ್ದರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಮೇನ್ ಇಳಿಸಿ ಬಾಗಿಲು ಹಾಕುವವರು ಅವರೇ. ಗಾಬರಿಯಲ್ಲಿ ಅವರ ಕೈ ತನಗೆ ಗೊತ್ತಿದ್ದ ಕಡೆ ಹೋಯಿತು. ನನ್ನ ತಲೆ ತುಂಬಾ ವಿಷಯ ಇತ್ತು, ಕೈಗೆ ಏನೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಎಲ್ಲರಿಗೂ ಎಲ್ಲವನ್ನೂ ಕಲಿಸಲು ಹೋಗಬೇಡಿ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಡಿ. ಆ ಕೆಲಸವನ್ನು ಶೆಡ್‌ನಲ್ಲೇ, ಅದೇ ಜಾಗದಲ್ಲಿ ಕೈಯಾರೆ ಮಾಡಿಸಿ.

ಕೆಲಸ ಹಂಚುವಾಗ ಯಾರು ಚುರುಕು ಅಂತ ನೋಡಬೇಡಿ, ಯಾರು ಎಲ್ಲಿ ಕೂರುತ್ತಾರೆ ಅಂತ ನೋಡಿ. ಮೇನ್ ಸ್ವಿಚ್‌ಗೆ ಹತ್ತಿರ ಕೂತು ಅಡಿಕೆ ಆರಿಸುವವರಿಗೇ ಸ್ವಿಚ್ ಕೆಲಸ. ನಮ್ಮಲ್ಲಿ ಈಗ ಅದು ಇಬ್ಬರು ಹೆಣ್ಣುಮಕ್ಕಳದ್ದು. ಒಬ್ಬರು ರಜೆ ಇದ್ದರೆ ಇನ್ನೊಬ್ಬರು. ವಾರಕ್ಕೊಂದು ದಿನ ಸಂಜೆ ಮೇನ್ ಇಳಿಸುವುದೂ ಅವರೇ, ಅಜ್ಜಿ ಅಲ್ಲ. ಮತ್ತೊಬ್ಬರಿಗೆ ಫೋನ್. ಇನ್ನೊಬ್ಬ ಹುಡುಗನಿಗೆ ರಸ್ತೆ. ಪೆಟ್ಟಾದವರ ಹತ್ತಿರ ಇಬ್ಬರು ಮಾತ್ರ. ಉಳಿದವರಿಗೆಲ್ಲ ಒಂದೇ ಕೆಲಸ, ಹೊರಗಿನ ಹುಣಸೆಮರದ ಕೆಳಗೆ ಹೋಗಿ ನಿಲ್ಲುವುದು. ಇದು ಸುಮ್ನೆ ಅಂದುಕೊಳ್ಳಬೇಡಿ. ಮೇಸ್ತ್ರಿ ಅಲ್ಲಿ ತಲೆ ಎಣಿಸುತ್ತಾರೆ. ಬೇರೆ ಕೆಲಸಕ್ಕೆ ಹೋದವರನ್ನೂ ಸೇರಿಸಿ 20 ಜನರಲ್ಲಿ 19 ಇದ್ದರೆ ಒಬ್ಬರು ಒಳಗಿದ್ದಾರೆ ಅಂತ ಗೊತ್ತಾಗುವುದು ಹಾಗೇನೇ.

ರಸ್ತೆ ಹುಡುಗನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ತೋಟದ ಶೆಡ್‌ಗಳಿಗೆ ವಿಳಾಸ ಎಲ್ಲಿದೆ ಹೇಳಿ? "ಮುನೇಶ್ವರನ ಗುಡಿ ದಾಟಿ ಎಡಕ್ಕೆ" ಅಂದರೆ ನಮ್ಮೂರಿಗೆ ಅರ್ಥ ಆಗುತ್ತದೆ, 108ರಲ್ಲಿ ಫೋನ್ ಎತ್ತುವವರಿಗೆ ಅರ್ಥ ಆಗಲ್ಲ. ಮೊದಲ ಸಲ ಅಭ್ಯಾಸ ಮಾಡಿದಾಗ ನಮ್ಮ ಫೋನ್ ಮಾಡುವ ಹುಡುಗಿಗೆ ಶೆಡ್ ಎಲ್ಲಿದೆ ಅಂತ ಹೇಳಲು ಎರಡು ನಿಮಿಷ ಹಿಡಿಯಿತು. ಅವಳು ಹುಟ್ಟಿದ್ದು ಇದೇ ಊರಲ್ಲಿ! ಈಗ ಗೋಡೆ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಿದ್ದೇನೆ. ತಾಲ್ಲೂಕು, ಹೋಬಳಿ, ಊರು, ಬಿ.ಹೆಚ್. ರಸ್ತೆಯಿಂದ ಯಾವ ಕ್ರಾಸ್‌ನಲ್ಲಿ ತಿರುಗಬೇಕು, ಅಲ್ಲಿಂದ ಎಷ್ಟು ಕಿಲೋಮೀಟರ್. ಕೆಳಗೆ ನಂಬರ್‌ಗಳು. ಆಂಬುಲೆನ್ಸ್‌ಗೆ 108, ಪೊಲೀಸ್, ಬೆಂಕಿ ಎಲ್ಲಕ್ಕೂ 112, ಲೈನ್ ಕಟ್ ಮಾಡಿಸಲು ಬೆಸ್ಕಾಂ 1912. ಫೋನ್ ಲಾಕ್ ಆಗಿದ್ದರೂ ಎಮರ್ಜೆನ್ಸಿ ಕಾಲ್ ಒತ್ತಿ 112ಕ್ಕೆ ಮಾಡಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಫೋನ್ ಮಾಡಿದವರು ಗೋಡೆ ನೋಡಿ ಓದಿದರೆ ಸಾಕು. ಆಮೇಲೆ ತಾವಾಗಿ ಫೋನ್ ಇಡಬಾರದು, ಆ ಕಡೆಯವರು ಇಡುವ ತನಕ ಕಾಯಬೇಕು. ರಸ್ತೆ ಹುಡುಗ ಬೈಕ್ ತಗೊಂಡು ಕ್ರಾಸ್‌ಗೆ ಹೋಗಿ ನಿಲ್ಲುತ್ತಾನೆ. ಆಂಬುಲೆನ್ಸ್ ಕಂಡ ತಕ್ಷಣ ಮುಂದೆ ಹೋಗಿ ದಾರಿ ತೋರಿಸುತ್ತಾನೆ, ಅಷ್ಟೇ ಅವನ ಕೆಲಸ. ಆಂಬುಲೆನ್ಸ್ ದೂರದಲ್ಲಿದೆ ಅಂದರೆ ನಮ್ಮದೇ ಗಾಡಿ. ಅದಕ್ಕೆ ಗಾಡಿ ಕೀ ನನ್ನ ಜೇಬಲ್ಲಿ ಇರಲ್ಲ, ಮೊಳೆಗೆ ನೇತು ಹಾಕಿರುತ್ತೇನೆ.

ಸುಟ್ಟ ಗಾಯದ ವಿಷಯಕ್ಕೆ ಬರೋಣ, ನಿಮಗೆ ಆಗಿದ್ದು ಅದೇ ಅಲ್ವಾ. ಇಲ್ಲಿ ಔಷಧ ಅಂದರೆ ನೀರು. ಹರಿಯುವ ತಣ್ಣೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಎರಡು ನಿಮಿಷ ಹಾಕಿ ಸಾಕು ಅನ್ನುತ್ತಾರೆ, ಸಾಲದು. ಚರ್ಮದ ಒಳಗಿನ ಬಿಸಿ ಇಳಿಯಬೇಕು. ಐಸ್ ಬೇಡ. ಅರಿಶಿನ, ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ. ಆಮೇಲೆ ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ನೀರು ಹಾಕುತ್ತಿರುವಾಗಲೇ ಕಾಲುಂಗುರ, ಕಾಲ್ಗೆಜ್ಜೆ, ಬಳೆ ತೆಗೆಯಬೇಕು. ಊತ ಬಂದ ಮೇಲೆ ಕತ್ತರಿಸಿಯೇ ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಎಳೆಯಬೇಡಿ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಕರೆದುಕೊಂಡು ಹೋಗಿ. ಹಂಡೆಯ ಪಕ್ಕದಲ್ಲೇ ಒಂದು ನಲ್ಲಿ, ಅದಕ್ಕೆ ಸಣ್ಣ ಪೈಪ್, ಒಂದು ಸ್ಟೂಲ್ ಇಡಿ. ತರಬೇತಿಗೆ ಕೇಳಿದ 15,000ದಲ್ಲಿ ಹತ್ತನೇ ಒಂದು ಭಾಗವೂ ಆಗಲ್ಲ. ಟ್ಯಾಂಕ್ ಖಾಲಿ ಇದ್ದ ದಿನ ಒಲೆ ಹಚ್ಚಬಾರದು ಅಂತ ನಮ್ಮಲ್ಲಿ ನಿಯಮ.

ಕರೆಂಟ್ ಹೊಡೆದರೆ ಮೊದಲು ಸ್ವಿಚ್, ಆಮೇಲೆ ಮನುಷ್ಯ. ಸ್ವಿಚ್ ಕೈಗೆ ಸಿಗದಿದ್ದರೆ ಒಣಗಿದ ಹಲಗೆ ಮೇಲೆ ನಿಂತು, ಒಣ ಕೋಲಿನಿಂದ ಅಥವಾ ಪಿವಿಸಿ ಪೈಪಿನಿಂದ ಬಿಡಿಸಬೇಕು. ಇದು ಶೆಡ್ ಒಳಗಿನ ಕರೆಂಟ್‌ಗೆ ಮಾತ್ರ. ತೋಟದ ಮೇಲೆ ಹಾದುಹೋಗುವ 11 ಕೆವಿ ಲೈನ್‌ಗೆ ಕೋಲೂ ಇಲ್ಲ, ಹಲಗೆಯೂ ಇಲ್ಲ. 30 ಅಡಿ ದೂರ ನಿಂತು 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಅಂತ ಅವರು ಹೇಳುವ ತನಕ ಯಾರನ್ನೂ ಬಿಡಬೇಡಿ. ಇಲ್ಲೇ ಒಂದು ಮಾತು. ಈಗ ಗೊನೆ ಇಳಿಸಲು ಎಲ್ಲರೂ ಕಾರ್ಬನ್ ಫೈಬರ್ ದೋಟಿ ತಂದಿದ್ದೀರಿ. ಹಗುರ ಇದೆ, ನಿಜ. ಆದರೆ ಅಲ್ಯೂಮಿನಿಯಂ ಥರಾನೇ ಅದರಲ್ಲೂ ಕರೆಂಟ್ ಹರಿಯುತ್ತದೆ. ಪ್ಲಾಸ್ಟಿಕ್ ಥರ ಕಾಣುತ್ತೆ ಅಂತ ಮೋಸ ಹೋಗಬೇಡಿ. ಲೈನ್ ಕೆಳಗಿನ ಮರಗಳಿಗೆ ಕೆಂಪು ಬಣ್ಣ ಬಳಿದಿಡಿ, ಚೇಣಿಯವರು, ಅಂದರೆ ಫಸಲು ಗುತ್ತಿಗೆ ಹಿಡಿದವರು, ಬಂದ ದಿನವೇ ಕರೆದುಕೊಂಡು ಹೋಗಿ ತೋರಿಸಿ.

ಕರೆಂಟ್‌ನಿಂದ ಬಿಡಿಸಿದ ಮೇಲೆ ಆ ಮನುಷ್ಯ ಉಸಿರಾಡುತ್ತಿಲ್ಲ ಅಂದರೆ ಎದೆ ಒತ್ತಬೇಕು. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, ಎರಡು ಇಂಚು ಇಳಿಯುವಷ್ಟು, ನಿಮಿಷಕ್ಕೆ 100ರಿಂದ 120 ಸಲ. ಬರೆದಷ್ಟು ಸುಲಭ ಇಲ್ಲ. ಎರಡು ನಿಮಿಷಕ್ಕೆ ಗಟ್ಟಿ ಆಳಿಗೂ ತೋಳು ಸೋಲುತ್ತದೆ, ಅದಕ್ಕೇ ಪೆಟ್ಟಾದವರ ಹತ್ತಿರ ಇಬ್ಬರು ಬೇಕು ಅಂದಿದ್ದು. ಬದಲಾಯಿಸಿಕೊಂಡು ಆಂಬುಲೆನ್ಸ್ ಬರುವ ತನಕ ಒತ್ತಬೇಕು. ಎದ್ದು ಕೂತು "ಏನೂ ಆಗಿಲ್ಲ ಬಿಡಿ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ನಮ್ಮ ಹುಡುಗ ಹಾಗೇ ಅಂದ, ಬೈದು ಗಾಡಿ ಹತ್ತಿಸಿದೆ.

ಇನ್ನು ಹಾವು. ಬಿಗಿಯಾಗಿ ಹಗ್ಗ ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ನಡೆಸಬೇಡಿ. ಕಡಿದ ಕೈಕಾಲು ಅಲುಗಾಡದ ಹಾಗೆ ಹಲಗೆ ಕಟ್ಟಿ, ನೇರ ತಾಲ್ಲೂಕು ಆಸ್ಪತ್ರೆ. ಹಾವು ಹುಡುಕುತ್ತಾ ಟೈಮ್ ಕಳೆಯಬೇಡಿ, ನಮ್ಮಲ್ಲಿ ಸಿಗುವ ನಾಲ್ಕು ಮುಖ್ಯ ವಿಷದ ಹಾವಿಗೂ ಒಂದೇ ಇಂಜೆಕ್ಷನ್. ಔಷಧಿ ಹೊಡೆಯುವವನಿಗೆ ತಲೆ ತಿರುಗಿದರೆ ಬಟ್ಟೆ ಬಿಚ್ಚಿಸಿ ಸೋಪಿನಲ್ಲಿ ಮೈ ತೊಳೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಾಕ್ಟರ್‌ಗೆ ತೋರಿಸಲು ಬಾಟಲಿ ಜೊತೆಗೇ ಹೋಗಬೇಕು. ಗೋಬರ್ ಗ್ಯಾಸ್ ಗುಂಡಿಗೋ ಹಳೇ ಬಾವಿಗೋ ಒಬ್ಬ ಇಳಿದು ಬಿದ್ದರೆ ಎರಡನೆಯವನು ಇಳಿಯಲೇಬಾರದು. ಅಣ್ಣನ ಹಿಂದೆ ತಮ್ಮ ಇಳಿದು ಇಬ್ಬರೂ ಹೋಗುವುದು ಹೀಗೇನೇ. 112ಕ್ಕೆ ಫೋನ್ ಮಾಡಿ.

ಬೆಂಕಿ ಆರಿಸಲು 6 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಬಾಗಿಲ ಹತ್ತಿರ ಇಡಿ, ಒಳಗಿನ ಮೂಲೆಯಲ್ಲಿ ಬೇಡ. ಅದು ಬರುವುದು 15-20 ಸೆಕೆಂಡ್ ಅಷ್ಟೇ. ಪಿನ್ ಕೀಳಬೇಕು, ಬೆಂಕಿಯ ಬುಡಕ್ಕೆ ಹಿಡಿಯಬೇಕು, ಜ್ವಾಲೆಗಲ್ಲ. ಸಿಲಿಂಡರ್ ಮೀಟರಿನ ಮುಳ್ಳು ಹಸಿರಲ್ಲಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಸಿಪ್ಪೆ ರಾಶಿಗೆ, ತೆಂಗಿನ ಮಟ್ಟೆಗೆ ಬಿದ್ದ ಬೆಂಕಿ ಪೌಡರ್‌ಗೆ ಆರಿದ ಹಾಗೆ ಕಾಣುತ್ತದೆ, ಒಳಗೆ ಕೆಂಡ ಇರುತ್ತದೆ, ರಾತ್ರಿ ಮತ್ತೆ ಏಳುತ್ತದೆ. ಅದನ್ನು ಕೆದಕಿ ಕೆದಕಿ ನೀರು ಹಾಕಬೇಕು. ಮತ್ತೆ ಎರಡನೇ ಬಾಗಿಲಿಗೆ ಮೂಟೆ ಜೋಡಿಸಬೇಡಿ. ರೇಟ್ ಏರುವ ತನಕ ಅಂತ ನಾವೆಲ್ಲ ಅಲ್ಲೇ ಜೋಡಿಸುವುದು, ನಾನೂ ಮಾಡಿದ್ದೇನೆ.

ಅಭ್ಯಾಸ ಹೇಗೆ ಅಂತ ಕೇಳುತ್ತೀರಿ. ನಾವು ಸೀಸನ್ ಶುರುವಾದ ದಿನ ಬೆಳಿಗ್ಗೆ ಅರ್ಧ ಗಂಟೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಮಾಡುತ್ತೇವೆ. ಟೀಗೆ ಮುಂಚೆ ಯಾರನ್ನೋ ಕರೆದು "ನೀನು ಬೀಳು" ಅನ್ನುತ್ತೇನೆ. ಮೊದಮೊದಲು ನಗುತ್ತಾರೆ, ನಗಲಿ ಬಿಡಿ. ಎಲ್ಲರಿಗೂ ಗೊತ್ತಿರುವ ಒಂದೇ ಪದ ಕೂಗಬೇಕು: "ಕರೆಂಟ್!" ಅಥವಾ "ಬೆಂಕಿ!" ಬಿಹಾರದ ಹುಡುಗರಿದ್ದರೆ ಅವರ ಬಾಯಲ್ಲೇ ಈ ಎರಡು ಪದ ಹೇಳಿಸಿ. ಮೊದಲ ಸಲ ನಮಗೆ ಸ್ವಿಚ್ ಇಳಿಸಿ, ಫೋನ್ ಮುಗಿಸಿ, ತಲೆ ಎಣಿಸುವಷ್ಟರಲ್ಲಿ ಆರು ನಿಮಿಷ ಆಯಿತು. ಈಗ ಎರಡರೊಳಗೆ ಆಗುತ್ತದೆ. ಈ ಹತ್ತು ನಿಮಿಷದ ಕೂಲಿ ಕಡಿಯಬೇಡಿ, ಕಡಿದರೆ ಮುಂದಿನ ಸಲ ಯಾರೂ ಮನಸ್ಸಿಟ್ಟು ಮಾಡಲ್ಲ. ತಪ್ಪು ಮಾಡಿದವರನ್ನು ಎಲ್ಲರೆದುರು ಬೈಯಲೂಬೇಡಿ.

ಇಷ್ಟು ಮೂರು ತಿಂಗಳು ಮಾಡಿದ ಮೇಲೆ ಬೇಕಿದ್ದರೆ ಹಣ ಕೊಟ್ಟು ಕರೆಸಿ. ಎದೆ ಒತ್ತುವ ಗೊಂಬೆ ತರುತ್ತಾರಾ, ಪ್ರತಿಯೊಬ್ಬರ ಕೈಯಲ್ಲೂ ಎರಡೆರಡು ನಿಮಿಷ ಒತ್ತಿಸುತ್ತಾರಾ, ನಮ್ಮ ಶೆಡ್‌ಗೇ ಬರುತ್ತಾರಾ, ಕನ್ನಡದಲ್ಲಿ ಹೇಳುತ್ತಾರಾ ಕೇಳಿ. ನಾಲ್ಕಕ್ಕೂ ಹೌದು ಅಂದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಪರದೆ, ಪ್ರೊಜೆಕ್ಟರ್, ಸರ್ಟಿಫಿಕೇಟ್ ಅಂದರೆ ಕೈ ಮುಗಿದು ಕಳಿಸಿ. ಬೆಂಕಿ ವಿಷಯಕ್ಕೆ ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಒಂದು ಅರ್ಜಿ ಕೊಟ್ಟು ನೋಡಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ, ಆಗ ಅವರೇ ಜನರಿಗೆ ಸಿಲಿಂಡರ್ ಹಿಡಿಯುವುದನ್ನು ಮಾಡಿ ತೋರಿಸುತ್ತಾರೆ.

ಉಳಿದ ದುಡ್ಡಿನಲ್ಲಿ ಎಲೆಕ್ಟ್ರಿಷಿಯನ್ ಕರೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅರ್ಥಿಂಗ್ ನೋಡಿಸಿ. ನಮ್ಮ ಶೆಡ್‌ನಲ್ಲಿ ಅವತ್ತು ಅದು ಇದ್ದಿದ್ದರೆ ಅಜ್ಜಿ ಓಡಬೇಕಾಗಿರಲಿಲ್ಲ.

ಅಂದಹಾಗೆ, ಆ ಹೆಣ್ಣುಮಗಳಿಗೆ ಧನುರ್ವಾಯು ಬರದ ಹಾಗೆ ಕೊಡುವ ಇಂಜೆಕ್ಷನ್ (ಟಿಟಿ, ಈಗ ಟಿಡಿ) ಹಾಕಿಸಿದಿರಾ? ಪಾದದ ಗಾಯ, ಅಂಗಳದಲ್ಲಿ ಓಡಾಡುವವರು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಇವತ್ತೇ ಮತ್ತೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹೇಗಿದ್ದಾರೆ ಅಂತ ಇಲ್ಲೇ ಒಂದು ಸಾಲು ಬರೆಯಿರಿ. ಸಾಧ್ಯವಾದರೆ ಸ್ವಿಚ್ ಬೋರ್ಡಿನ ಫೋಟೋನೂ ಹಾಕಿ, ನೋಡಿ ಹೇಳುತ್ತೇನೆ.