‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ’

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಇತ್ತೀಚೆಗೆ ಯಜಮಾನರ ಫೋಟೊ ಇದ್ದ ಹೊಸ ವಾಟ್ಸ್‌ಆ್ಯಪ್ ನಂಬರಿನಿಂದ ನಮ್ಮ ಅಕೌಂಟೆಂಟ್‌ಗೆ ಹೀಗೊಂದು ಸಂದೇಶ ಬಂತು: ‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ. ಈ ಖಾತೆಗೆ ತಕ್ಷಣ ಆರ್‌ಟಿಜಿಎಸ್ ಮಾಡಿ ಯುಟಿಆರ್ ನಂಬರ್ ಕಳಿಸಿ. ನಿಮ್ಮ ಮೇಲೆ ನಂಬಿಕೆ ಇದೆ, ಸದ್ಯ ಯಾರಿಗೂ ಹೇಳಬೇಡಿ.’ ಅವರು ಬೆನಿಫಿಷಿಯರಿ ಸೇರಿಸುತ್ತಿರುವಾಗಲೇ ಯಜಮಾನರು ಕಚೇರಿಗೆ ಬಂದದ್ದರಿಂದ ಹಣ ಉಳಿಯಿತು. ಸೈಬರ್ ಸುರಕ್ಷತೆಯ ತರಬೇತಿಯನ್ನು ಎಲ್ಲರಿಗೂ ಕೊಡಿಸಿದ್ದೆವು. ಆದರೂ ಹೀಗೇಕಾಯಿತು?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮಲ್ಲಿ ನಡೆದ ತರಬೇತಿಯಲ್ಲಿ ಬಹುಶಃ ಕಾಗುಣಿತದ ತಪ್ಪು, ವಿಚಿತ್ರವಾದ ಲಿಂಕ್, ಗುರುತಿಲ್ಲದ ಅಟ್ಯಾಚ್‌ಮೆಂಟ್ ಇವುಗಳನ್ನು ಹುಡುಕಲು ಕಲಿಸಿರುತ್ತಾರೆ. ಈ ಸಂದೇಶದಲ್ಲಿ ಅವು ಯಾವುವೂ ಇಲ್ಲ. ಇದನ್ನು ಬರೆದವನು ಕಂಪ್ಯೂಟರಿನ ತಂಟೆಗೇ ಹೋಗದೆ ನೇರವಾಗಿ ನೌಕರರ ಮನಸ್ಸಿಗೆ ಕೈ ಹಾಕಿದ್ದಾನೆ.

ಸಂದೇಶವನ್ನು ಒಂದೊಂದೇ ವಾಕ್ಯವಾಗಿ ಓದಿ ನೋಡಿ. ‘ಫೋನ್ ಮಾಡಬೇಡಿ’ ಎಂಬುದು ವಿಚಾರಿಸಿಕೊಳ್ಳುವ ದಾರಿಯನ್ನು ಮುಚ್ಚುತ್ತದೆ, ಅದೂ ಯಜಮಾನರಿಗೆ ತೊಂದರೆ ಕೊಡಬಾರದೆಂಬ ಸೌಜನ್ಯದ ಹೆಸರಿನಲ್ಲಿ. ‘ತಕ್ಷಣ’ ಎಂಬ ಮಾತು ಯೋಚನೆಗೆ ಬಿಡುವು ಕೊಡುವುದಿಲ್ಲ. ಯುಟಿಆರ್ ನಂಬರ್ (ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೇಳಿರುವುದರಿಂದ ಅದು ದಿನನಿತ್ಯದ ಕೆಲಸದಂತೆಯೇ ಕಾಣುತ್ತದೆ. ಎಲ್ಲಕ್ಕಿಂತ ಚಾಣಾಕ್ಷತನವಿರುವುದು ಕೊನೆಯ ವಾಕ್ಯದಲ್ಲಿ: ವರ್ಷಗಟ್ಟಲೆ ತಲೆತಗ್ಗಿಸಿ ಲೆಕ್ಕ ಬರೆದವರಿಗೆ ಯಜಮಾನರ ಬಾಯಿಂದ ‘ನಿಮ್ಮ ಮೇಲೆ ನಂಬಿಕೆ ಇದೆ’ ಎಂಬ ಮಾತು ಸಿಗುವುದೇ ಅಪರೂಪ; ಅದು ಸಿಕ್ಕ ಖುಷಿಯಲ್ಲಿ, ಪಕ್ಕದ ಮೇಜಿನವರನ್ನು ಕೇಳಬಾರದೆಂಬ ನಿರ್ಬಂಧವೂ ಗೌರವದಂತೆಯೇ ತೋರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದಂತೆ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕಂಪನಿಯು ಅದರ ಮುಖ್ಯಸ್ಥರ ಹೆಸರಿನಲ್ಲಿ ಬಂದ ಇಂಥದೇ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ 1 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ವಂಚಕರ ಖಾತೆಗಳಿಗೆ ಕಳುಹಿಸಿತ್ತು.

ಹೆದರಿಕೆಯೊಂದನ್ನೇ ಗುರುತಿಸಲು ಕಲಿಸಿದರೂ ಸಾಲದು. 2020ರ ಜುಲೈನಲ್ಲಿ ಟ್ವಿಟರ್ ನೌಕರರಿಗೆ ಕರೆ ಮಾಡಿದವರು ಬೆದರಿಸಲಿಲ್ಲ. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುತ್ತಿದ್ದವರನ್ನು ಕಾಡುತ್ತಿದ್ದ ವಿಪಿಎನ್ (ಮನೆಯಿಂದ ಕಚೇರಿಯ ಜಾಲಕ್ಕೆ ಸೇರುವ ಸಂಪರ್ಕ) ತೊಂದರೆಯನ್ನು ಸರಿಪಡಿಸಿ ಕೊಡುತ್ತೇವೆ ಎಂದು ಐಟಿ ವಿಭಾಗದವರ ಸೋಗಿನಲ್ಲಿ ನಯವಾಗಿ ಮಾತನಾಡಿ, ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಂಡರು. ‘ಸದ್ಯ, ಯಾರೋ ಸಹಾಯಕ್ಕೆ ಬಂದರು’ ಎಂಬ ನಿರಾಳವೂ ಭಯದಷ್ಟೇ ಸುಲಭವಾಗಿ ಮನುಷ್ಯನನ್ನು ಮೈಮರೆಸುತ್ತದೆ. ಹೀಗೆ ಒಳಗೆ ನುಗ್ಗಿದ್ದರಿಂದ ಬರಾಕ್ ಒಬಾಮ ಅವರ ಟ್ವಿಟರ್ ಖಾತೆಯೂ ಅಂದು ವಂಚಕರ ಕೈಗೆ ಹೋಯಿತು.

ಹಾಗಾಗಿ ಮುಂದಿನ ತರಬೇತಿಯಲ್ಲಿ ಸ್ಲೈಡುಗಳನ್ನು ಕಡಿಮೆ ಮಾಡಿ, ನಾಲ್ಕೈದು ಜನರನ್ನು ಕೂರಿಸಿ ಇದೇ ಸಂದೇಶವನ್ನು ಗಟ್ಟಿಯಾಗಿ ಓದಿಸಿ, ‘ಇದು ನಿಜವೋ ಸುಳ್ಳೋ’ ಎಂದು ಕೇಳುವುದಕ್ಕೆ ಮೊದಲು ‘ಓದಿದಾಗ ನಿಮಗೆ ಏನನ್ನಿಸಿತು’ ಎಂದು ಕೇಳಿ. ಗಾಬರಿ, ಹೆಮ್ಮೆ, ಕನಿಕರ, ಸಂಕೋಚ ಯಾವುದೇ ಇರಲಿ, ಹಣ ಅಥವಾ ಪಾಸ್‌ವರ್ಡ್ ಕೇಳುವ ಮಾತಿನ ಜೊತೆಗೆ ಅದು ಒಳಗೆ ಎದ್ದಿತೆಂದರೆ ಕೈ ನಿಲ್ಲಿಸಿ, ಮೊದಲೇ ಉಳಿಸಿಕೊಂಡಿರುವ ಹಳೆಯ ನಂಬರಿಗೆ ಕರೆ ಮಾಡುವುದು ರೂಢಿಯಾಗಬೇಕು. ಹೊಸ ಖಾತೆಗೆ ಹಣ ಹೋಗಬೇಕಾದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಇಬ್ಬರ ಒಪ್ಪಿಗೆ ಬೇಕಾಗುವಂತೆ ಬ್ಯಾಂಕಿನವರಿಂದ ವ್ಯವಸ್ಥೆ ಮಾಡಿಸಿಕೊಳ್ಳಿ.

ಇಷ್ಟಾದರೂ ನನ್ನ ಮುಖ್ಯವಾದ ಮಾತು ನಿಮ್ಮ ಯಜಮಾನರಿಗೆ. ಅವರೇ ಆಗಾಗ ‘ಅರ್ಜೆಂಟ್, ಆಮೇಲೆ ಹೇಳ್ತೀನಿ, ಮೊದಲು ಕಳಿಸಿ’ ಎಂದು ಸಂದೇಶ ಹಾಕುವವರಾಗಿದ್ದರೆ, ಖಚಿತಪಡಿಸಿಕೊಳ್ಳಲು ಕರೆ ಮಾಡಿದವರ ಮೇಲೆ ರೇಗುವವರಾಗಿದ್ದರೆ, ವಂಚಕನಿಗೆ ಬೇಕಾದ ತರಬೇತಿಯನ್ನು ನೌಕರರಿಗೆ ಅವರೇ ಕೊಟ್ಟಂತಾಯಿತು. ‘ಹಣದ ವಿಷಯದಲ್ಲಿ ನನ್ನನ್ನು ಯಾವ ಹೊತ್ತಿನಲ್ಲಾದರೂ ಕೇಳಬಹುದು, ತಡವಾದರೆ ಯಾರನ್ನೂ ದೂರುವುದಿಲ್ಲ’ ಎಂದು ಅವರು ಸಹಿ ಹಾಕಿದ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿರಲಿ.

ಪ್ರಶ್ನೆ: ನೌಕರರ ಎಚ್ಚರವನ್ನು ಪರೀಕ್ಷಿಸಲು ‘ದೀಪಾವಳಿ ಬೋನಸ್’ ಎಂಬ ನಕಲಿ ಇಮೇಲ್ ಕಳುಹಿಸಬಹುದೇ? ಸಿಕ್ಕಿಬಿದ್ದವರ ಹೆಸರನ್ನು ಪ್ರಕಟಿಸಿದರೆ ಉಳಿದವರೂ ಹುಷಾರಾಗುವುದಿಲ್ಲವೇ?
– ಎಚ್.ಆರ್. ಅಧಿಕಾರಿ, ಹುಬ್ಬಳ್ಳಿ

ಉತ್ತರ: ಪರೀಕ್ಷೆ ಮಾಡಿ, ಆದರೆ ಬೋನಸ್ ವಿಷಯ ಬೇಡ. ಅಮೆರಿಕದ ಗೋಡ್ಯಾಡಿ ಕಂಪನಿ 2020ರ ಡಿಸೆಂಬರಿನಲ್ಲಿ 650 ಡಾಲರ್ ಹಬ್ಬದ ಬೋನಸ್ ಎಂದು ಇಮೇಲ್ ಕಳುಹಿಸಿ, ಆಸೆಯಿಂದ ವಿವರ ತುಂಬಿದವರಿಗೆ ‘ನೀವು ಪರೀಕ್ಷೆಯಲ್ಲಿ ನಪಾಸಾಗಿದ್ದೀರಿ’ ಎಂದು ತಿಳಿಸಿತು. ಜನ ಸಿಟ್ಟಿಗೆದ್ದ ಮೇಲೆ ಕ್ಷಮೆ ಕೇಳಬೇಕಾಯಿತು. ಕೊರಿಯರ್ ಪಾರ್ಸೆಲ್ ಅಥವಾ ಪಾಸ್‌ವರ್ಡ್ ಅವಧಿ ಮುಗಿದ ಸೂಚನೆಯಿಂದಲೂ ನಿಮ್ಮ ಉದ್ದೇಶ ಈಡೇರುತ್ತದೆ.

ಹೆಸರನ್ನಂತೂ ಖಂಡಿತ ಪ್ರಕಟಿಸಬೇಡಿ. ಮರ್ಯಾದೆ ಹೋಗುತ್ತದೆಂಬ ಅಂಜಿಕೆ ಇರುವವರು ನಿಜವಾಗಿ ಮೋಸಹೋದ ದಿನ ಬಾಯಿ ಬಿಡದೆ ಮುಚ್ಚಿಡುತ್ತಾರೆ. ಅಂಥ ದಿನ ಗಂಟೆಗಳಲ್ಲ, ನಿಮಿಷಗಳೇ ಮುಖ್ಯ. ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಗೆ ಬೇಗ ಕರೆ ಮಾಡಿ ಬ್ಯಾಂಕಿಗೂ ತಿಳಿಸಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ನಗದಾಗುವ ಮೊದಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಮೊದಲು ಯಾರಿಗೆ ಹೇಳಬೇಕೆಂಬುದನ್ನು, ರಜೆಯ ದಿನಕ್ಕೂ ಸೇರಿಸಿ, ಎರಡು ಫೋನ್ ನಂಬರುಗಳೊಂದಿಗೆ ಪ್ರತಿ ಮೇಜಿನ ಮೇಲೂ ಅಂಟಿಸಿಡಿ.