ತಲೆಪೆಟ್ಟಿನ ಲೇಖನ ಕಳಿಸಿದವರಿಗೆ

ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಆಟಗಾರರ ತಲೆಪೆಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. 2023ರ ಜನವರಿಯಲ್ಲಿ ಡಮಾರ್ ಹ್ಯಾಮ್ಲಿನ್ ಎಂಬ ಆಟಗಾರ ಮೈದಾನದಲ್ಲೇ ಕುಸಿದು ಬಿದ್ದದ್ದರಿಂದ ನೀವು ಶುರು ಮಾಡಿದ್ದೀರಿ. ಅದು ತಲೆಪೆಟ್ಟಲ್ಲ. ಎದೆಗೆ ಡಿಕ್ಕಿಯಾಗಿ ಹೃದಯ ನಿಂತದ್ದು. ಆ ಪ್ಯಾರಾ ಪೂರ್ತಿ ತೆಗೆಯಿರಿ. ಇನ್ನೊಂದು, 'ಶೇ. 99 ಆಟಗಾರರಿಗೆ ಸಿಟಿಇ ಬರುತ್ತದೆ' ಎಂಬ ಸಾಲು. ಸಿಟಿಇ ಎಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ನಿಧಾನವಾಗಿ ಹಾಳಾಗುವ ಕಾಯಿಲೆ. 2017ರಲ್ಲಿ ಬೋಸ್ಟನ್‌ನ ಆನ್ ಮೆಕೀ ಅವರ ತಂಡ ಎನ್‌ಎಫ್‌ಎಲ್‌ನ (ಈ ಆಟದ ಅಮೆರಿಕದ ವೃತ್ತಿಪರ ಲೀಗಿನ) 111 ಮಾಜಿ ಆಟಗಾರರ ಮಿದುಳು ಪರೀಕ್ಷಿಸಿ 110ರಲ್ಲಿ ಈ ಕಾಯಿಲೆ ಕಂಡದ್ದು ನಿಜ. ಆದರೆ ಅವು ಮನೆಯವರು ದಾನ ಕೊಟ್ಟ ಮಿದುಳುಗಳು. ಏನೋ ಸರಿಯಿಲ್ಲ ಅನ್ನಿಸಿದವರೇ ಜಾಸ್ತಿ ಕೊಡುತ್ತಾರೆ, ಅಲ್ವಾ? ಅದರಿಂದ ಎಲ್ಲ ಆಟಗಾರರ ಲೆಕ್ಕ ಹೇಳಲು ಬರುವುದಿಲ್ಲ. ಆ ವರದಿ ಬರೆದವರೂ ಇದನ್ನು ಹೇಳಿದ್ದಾರೆ.

ಇನ್ನು ಹೆಲ್ಮೆಟ್. 'ಇನ್ನೂ ಗಟ್ಟಿ ಹೆಲ್ಮೆಟ್ ಬಂದರೆ ಸಮಸ್ಯೆ ಮುಗಿಯಿತು' ಎಂದು ಎರಡು ಪುಟ ಬರೆದಿದ್ದೀರಿ. ಹೆಲ್ಮೆಟ್ ಉಳಿಸುವುದು ಮುಖ್ಯವಾಗಿ ತಲೆಬುರುಡೆಯನ್ನು. ಡಬ್ಬಿ ಎಷ್ಟೇ ಗಟ್ಟಿ ಇರಲಿ, ಜೋರಾಗಿ ಕುಲುಕಿದರೆ ಒಳಗಿನ ಮೊಸರು ಒಡೆಯುತ್ತದೆ. ಸಿಟಿಇಗೆ ಪ್ರಜ್ಞೆ ತಪ್ಪಿಸುವ ಒಂದು ದೊಡ್ಡ ಪೆಟ್ಟೇ ಬೇಕಿಲ್ಲ. ವರ್ಷಗಟ್ಟಲೆ ಬಿದ್ದ ಸಣ್ಣ ಸಣ್ಣ ಪೆಟ್ಟುಗಳು ಸಾಕು. ಅದು ಖಚಿತವಾಗುವುದು ಸತ್ತ ಮೇಲೆ, ಮಿದುಳಿನಲ್ಲಿ ಟಾವ್ ಎಂಬ ಪ್ರೋಟೀನ್ ಗಂಟುಕಟ್ಟಿದ್ದು ಕಂಡಾಗ.

ಇಷ್ಟು ಹಿಡಿದುಕೊಂಡರೆ ನಿಮ್ಮ ಕಥೆ ಯಾರದು ಅಂತ ತಾನಾಗಿ ಗೊತ್ತಾಗುತ್ತದೆ. ಮೈಕ್ ವೆಬ್‌ಸ್ಟರ್. ಏಳನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಅವರನ್ನು ಮುಗಿಸಿಬಿಟ್ಟಿದ್ದೀರಲ್ಲ! ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್ ಅವರು. ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ ಎದುರಾಳಿಗೆ ಡಿಕ್ಕಿ ಹೊಡೆಯುವುದು ಆ ಜಾಗದವರ ಕೆಲಸ. ಒಂದು ಸಲವಲ್ಲ, ಪ್ರತಿ ಸಲ, ಹದಿನೇಳು ಸೀಸನ್. ನಾಲ್ಕು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದವರು ಕೊನೆಗೆ ಎಷ್ಟೋ ರಾತ್ರಿ ತಮ್ಮ ಟ್ರಕ್ಕಿನಲ್ಲೇ ಮಲಗುತ್ತಿದ್ದರು. 2002ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 50. ನೈಜೀರಿಯಾದಿಂದ ಬಂದಿದ್ದ ಬೆನೆಟ್ ಒಮಾಲು ಎಂಬ ವೈದ್ಯರು ಶವಪರೀಕ್ಷೆ ಮಾಡಿದರು. ಬರಿಗಣ್ಣಿಗೆ ಮಿದುಳು ಸರಿಯಾಗೇ ಕಂಡಿತು. ಅವರು ಅಲ್ಲಿಗೆ ಬಿಡದೆ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಸಿಟಿಇ ಕಂಡಿತು. 2005ರಲ್ಲಿ ಅದನ್ನು ಪ್ರಕಟಿಸಿದಾಗ, ಲೀಗಿನ ತಲೆಪೆಟ್ಟು ಸಮಿತಿಯ ವೈದ್ಯರು ಆ ಲೇಖನವನ್ನೇ ಹಿಂತೆಗೆಯಬೇಕೆಂದು ಅದು ಬಂದ ವೈದ್ಯಕೀಯ ಪತ್ರಿಕೆಗೆ ಬರೆದರು. ಆ ಸಮಿತಿಯನ್ನು ವರ್ಷಗಟ್ಟಲೆ ನಡೆಸಿದ್ದವರು ಸಂಧಿವಾತದ ವೈದ್ಯರು! ಇದನ್ನು ನೀವು ಹೇಗೆ ಬಿಟ್ಟಿರಿ?

ಪರಿಹಾರದ ಹಣದ ಬಗ್ಗೆಯೂ ಅವಸರ ಮಾಡಿದ್ದೀರಿ. ಮಾಜಿ ಆಟಗಾರರ ಜೊತೆ ಲೀಗ್ ಮಾಡಿಕೊಂಡ 2013ರ 76.5 ಕೋಟಿ ಡಾಲರ್ ಒಪ್ಪಂದ ದೊಡ್ಡ ಸುದ್ದಿಯೇ, ಆಮೇಲೆ ಇಷ್ಟೇ ಹಣ ಎಂಬ ಆ ಮಿತಿಯನ್ನೂ ತೆಗೆದರು. ಆದರೆ ಮರೆವಿನ ಕಾಯಿಲೆಯ ಪರೀಕ್ಷೆಯಲ್ಲಿ, ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲೇ ಕಡಿಮೆ ಇತ್ತು ಎಂದು ಹಿಡಿದು ಅಂಕ ಹೊಂದಿಸುತ್ತಿದ್ದರು. ಹಾಗಾಗಿ ಅವರಿಗೆ ನಷ್ಟವಾಗಿದೆ ಎಂದು ತೋರಿಸುವುದು ಇನ್ನೂ ಕಷ್ಟವಾಗುತ್ತಿತ್ತು. ಇದನ್ನು ಬಿಡುತ್ತೇವೆಂದು ಲೀಗ್ ಒಪ್ಪಿದ್ದು 2021ರಲ್ಲಿ. ಆ ಲೀಗಿನ ಆಟಗಾರರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಇದಕ್ಕೆ ಒಂದು ಪುಟವಾದರೂ ಕೊಡಿ.

ಟುವಾ ಟಗೋವೈಲೋವಾ ಎಂಬ ಆಟಗಾರ 2022ರಲ್ಲಿ ನಾಲ್ಕೇ ದಿನದ ಅಂತರದಲ್ಲಿ ಎರಡು ಸಲ ಪೆಟ್ಟು ತಿಂದದ್ದನ್ನು ಚೆನ್ನಾಗಿ ಬರೆದಿದ್ದೀರಿ. ಅದು ಇರಲಿ.

'ರಕ್ತಪಿಪಾಸು ಕ್ರೀಡೆ', 'ಹಣದ ಹಪಾಹಪಿ' ಇಂಥವನ್ನೆಲ್ಲ ಕತ್ತರಿಸಿ. ಸುಮ್ನೆ ನಡೆದದ್ದು ಹೇಳಿದರೆ ಸಾಕು, ಸಿಟ್ಟು ಓದುಗರಿಗೇ ಬರುತ್ತದೆ. ಈ ಆಟ ಹೇಗೆ ಆಡುತ್ತಾರೆ ಅಂತ ಶುರುವಿನಲ್ಲಿ ಮೂರು ಸಾಲು ಬೇಕು. ನಮ್ಮಲ್ಲಿ ಬಹಳ ಜನ ನೋಡಿಲ್ಲ.

ಅರ್ಧಕ್ಕೆ ಇಳಿಸಿ, ವೆಬ್‌ಸ್ಟರ್‌ ಅವರಿಂದ ಶುರು ಮಾಡಿ ಇನ್ನೊಮ್ಮೆ ಕಳಿಸಿ. ಅವಸರವಿಲ್ಲ, ಮುಂದಿನ ತಿಂಗಳಾದರೂ ಆಯಿತು.